ಎತ್ತರ ಸಾಕು, ಗಿಬ್ಬರೆಲಿನ್

ಪ್ರಿಯ ಗಿಬ್ಬರೆಲಿನ್,

ಗೊಬ್ಬರದಂಗಡಿಗಳಲ್ಲಿ ‘ಬೆಳವಣಿಗೆ ಟಾನಿಕ್’ ಎಂದು ಬಾಟಲಿಗಳಲ್ಲಿ ಕುಳಿತಿರುವ ಸಸ್ಯ ಹಾರ್ಮೋನೇ, ನಿನಗೆ ಈ ಪತ್ರ. ನಿನ್ನನ್ನು ಸಿಂಪಡಿಸಿದರೆ ಪೈರು ಕೆಲವೇ ದಿನಗಳಲ್ಲಿ ಎದ್ದು ನಿಲ್ಲಬಹುದು. ಅದನ್ನು ಕಂಡ ರೈತನಿಗೆ ಇಳುವರಿಯೂ ಹಾಗೆಯೇ ಏರೀತೆಂಬ ಆಸೆ ಹುಟ್ಟುತ್ತದೆ. ಆ ಆಸೆಗೆ ಬೆಲೆ ಕಟ್ಟಿ ಮಾರುವುದು ಅನ್ಯಾಯ. ಈ ದೇಶದ ಕಣಜ ತುಂಬಿದ್ದು ಕಾಂಡದಲ್ಲಿ ನಿನ್ನ ಪ್ರಭಾವ ಹೆಚ್ಚಿದ್ದರಿಂದಲ್ಲ, ತಗ್ಗಿದ್ದರಿಂದ.

ನೀನು ಮನುಷ್ಯರ ಕಣ್ಣಿಗೆ ಬಿದ್ದದ್ದೇ ರೋಗದ ರೂಪದಲ್ಲಿ. ಬಕಾನೆ ರೋಗ ತಗುಲಿದ ಭತ್ತದ ಸಸಿಗಳು ಬಿಳಿಚಿಕೊಂಡು, ಉದ್ದುದ್ದ ಬೆಳೆದು, ಕಾಳು ಕಟ್ಟದೆ ಸಾಯುತ್ತಿದ್ದವು. 1926ರಲ್ಲಿ ತೈವಾನಿನಲ್ಲಿದ್ದ ಜಪಾನೀ ವಿಜ್ಞಾನಿ ಎಯಿಚಿ ಕುರೊಸಾವಾ ರೋಗದ ಶಿಲೀಂಧ್ರ ಬೆಳೆಸಿದ ದ್ರವವನ್ನು ಸೋಸಿ, ಬರೀ ಆ ದ್ರವದಿಂದಲೇ ಸಸಿ ಉದ್ದವಾಗುತ್ತದೆಂದು ತೋರಿಸಿದರು. 1935ರಲ್ಲಿ ತೇಜಿರೊ ಯಬುತಾ ನಿನಗೆ ಹೆಸರಿಟ್ಟರು. ಅದೇ ವರ್ಷ ಜಪಾನಿನಲ್ಲಿ ನೋರಿನ್ 10 ಎಂಬ ಗಿಡ್ಡ ಗೋಧಿ ಬಿಡುಗಡೆಯಾಯಿತು. ನಿಮ್ಮಿಬ್ಬರ ನಂಟು ಪೂರ್ತಿ ಬಿಡಿಸಿಕೊಳ್ಳಲು ಆರು ದಶಕ ಬೇಕಾಯಿತು.

ಹಳೆಯ ಎತ್ತರದ ಗೋಧಿಗೆ ಯೂರಿಯಾ ಕೊಟ್ಟರೆ ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿತ್ತು. ನೋರಿನ್ 10ರ ಗಿಡ್ಡತನ ಅಮೆರಿಕದ ತಳಿ ವಿಜ್ಞಾನಿ ಆರ್ವಿಲ್ ವೋಗೆಲ್ ಅವರ ಕೈಯಿಂದ ಮೆಕ್ಸಿಕೊದಲ್ಲಿ ಕೆಲಸ ಮಾಡುತ್ತಿದ್ದ ನಾರ್ಮನ್ ಬೊರ್ಲಾಗ್ ಅವರಿಗೂ, 1960ರ ದಶಕದಲ್ಲಿ ಭಾರತಕ್ಕೂ ಬಂತು. ಒಳಗುಟ್ಟು ಬಯಲಾದದ್ದು 1999ರಲ್ಲಿ. ಜೀವಕೋಶದಲ್ಲಿ ಬೆಳವಣಿಗೆಯನ್ನು ತಡೆಹಿಡಿಯುವ ಡೆಲ್ಲಾ ಎಂಬ ಪ್ರೋಟೀನು ಇರುತ್ತದೆ. ನೀನು ಬಂದರೆ ಅದು ನಾಶವಾಗಿ ಕಾಂಡ ಉದ್ದವಾಗುತ್ತದೆ. ಗಿಡ್ಡ ಗೋಧಿಯಲ್ಲಿ ಆ ಪ್ರೋಟೀನಿನ ರೂಪವೇ ಬದಲಾಗಿದೆ, ನಿನ್ನಿಂದ ಅದನ್ನು ಕದಲಿಸಲಾಗದು. ಗೋಧಿ ನಿನ್ನ ಕರೆಗೆ ಕಿವುಡಾಯಿತು.

ಭತ್ತದ ಕಥೆ ಬೇರೆ. 1966ರ ಐಆರ್ 8 ತಳಿಯಲ್ಲಿ ನಿನ್ನನ್ನು ತಯಾರಿಸುವ ಕೊನೆಯ ಹಂತಗಳ ಒಂದು ಕಿಣ್ವವೇ ಕೆಟ್ಟಿದೆ. 2002ರಲ್ಲಿ ಈ ವಂಶವಾಹಿ ಪತ್ತೆಯಾದಾಗ ಇನ್ನೊಂದು ಸಂಗತಿ ತಿಳಿಯಿತು: ಅದೇ ಕೆಲಸ ಮಾಡುವ ಮತ್ತೊಂದು ವಂಶವಾಹಿ ಹೂವಿನ ಭಾಗದಲ್ಲಿ ಸಕ್ರಿಯವಾಗಿಯೇ ಇತ್ತು. ಹಾಗಾಗಿ ಕಾಂಡ ಗಿಡ್ಡವಾದರೂ ಕಾಳು ಕಟ್ಟುವುದಕ್ಕೆ ಕುಂದು ಬರಲಿಲ್ಲ. ನೀನು ಎಷ್ಟು ತಯಾರಾಗುತ್ತೀಯ ಎಂಬುದಕ್ಕಿಂತ ಎಲ್ಲಿ ತಯಾರಾಗುತ್ತೀಯ ಎಂಬುದೇ ಅಲ್ಲಿ ನಿರ್ಣಾಯಕ. ಬಾಟಲಿಯ ಚೀಟಿ ಇದನ್ನು ಹೇಳುವುದಿಲ್ಲ.

ಕಾಳಿನ ಮಟ್ಟಿಗಂತೂ ನೀನೊಬ್ಬನೇ ಯಜಮಾನನಲ್ಲ. ತೆನೆಯಲ್ಲಿ ಎಷ್ಟು ಕಾಳು ಮೂಡಬೇಕೆಂಬುದರಲ್ಲಿ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನಿನದು ದೊಡ್ಡ ಪಾಲು. 2005ರಲ್ಲಿ ಜಪಾನಿನ ಮೊತೊಯುಕಿ ಅಶಿಕಾರಿ ಅವರ ತಂಡ ತೋರಿಸಿದಂತೆ, ಸೈಟೊಕೈನಿನ್ ಅನ್ನು ಒಡೆಯುವ ಕಿಣ್ವ ಕಡಿಮೆಯಾದರೆ ಭತ್ತದ ತೆನೆಯಲ್ಲಿ ಕಾಳುಗಳ ಸಂಖ್ಯೆ ಏರುತ್ತದೆ. ತಯಾರಿಕೆ ಹೆಚ್ಚಿಸಬೇಕಾಗಿರಲಿಲ್ಲ, ಪೋಲು ತಡೆದರೆ ಸಾಕಾಯಿತು. ಸೈಟೊಕೈನಿನ್‌ಗಳಲ್ಲಿ ಒಂದಾದ ಜಿಯಾಟಿನ್ ಸಿಕ್ಕಿದ್ದು ಕೂಡ ಎಳೆಯ ಮೆಕ್ಕೆಜೋಳದ ಕಾಳಿನಲ್ಲೇ. ಆ ಕಾಳಿನಲ್ಲಿ ಪರಾಗಸ್ಪರ್ಶವಾದ ಸುಮಾರು ಹತ್ತನೇ ದಿನಕ್ಕೆ ಸೈಟೊಕೈನಿನ್ ಗರಿಷ್ಠ ಮಟ್ಟ ಮುಟ್ಟುತ್ತದೆ. ಪಿಷ್ಟ ತುಂಬಬೇಕಾದ ಜೀವಕೋಶಗಳು ಎಷ್ಟೆಂಬುದು ಬಹುಪಾಲು ಆ ದಿನಗಳಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಆಕ್ಸಿನ್ ಎಂಬ ಹಾರ್ಮೋನು ಏರುತ್ತದೆ, ಕಾಳಿಗೆ ಹಾಲು ತುಂಬುತ್ತದೆ. ಕೊನೆಗೆ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಬಂದು ಕಾಳನ್ನು ಒಣಗಲು, ನಿದ್ರಿಸಲು ಅಣಿಗೊಳಿಸುತ್ತದೆ. ಅದನ್ನು ತಯಾರಿಸಲಾಗದ ಮೆಕ್ಕೆಜೋಳದ ತಳಿಗಳಲ್ಲಿ ಕಾಳು ತೆನೆಯಲ್ಲಿದ್ದಾಗಲೇ ಮೊಳೆಯುತ್ತದೆ.

ನಿನ್ನ ಸರದಿ ಮತ್ತೆ ಬರುವುದು ಬಿತ್ತಿದ ಮೇಲೆ. ಬಾರ್ಲಿಯಲ್ಲಿ 1960ರ ಸುಮಾರಿಗೆ ಸಾಬೀತಾದಂತೆ, ಭ್ರೂಣದಿಂದ ಹೊರಟ ನೀನು ಸಿಪ್ಪೆಯ ಒಳಪದರವನ್ನು ಎಚ್ಚರಿಸಿ, ಪಿಷ್ಟ ಕರಗಿಸುವ ಅಮೈಲೇಸ್ ಕಿಣ್ವ ಸುರಿಸುವಂತೆ ಮಾಡುತ್ತೀಯ. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿಗೆ ಸಿಹಿ ಬರುವುದೂ ಪಿಷ್ಟ ಹೀಗೆ ಕರಗಿಯೇ.

ನಿನ್ನನ್ನು ಹೊರಗಿನಿಂದ ಕೊಡುವುದೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ‘ಜಿಎ’ ಬಳಸುವುದು ಕಾಯಿ ಉದ್ದವಾಗಲೆಂದು. ಹೈಬ್ರಿಡ್ ಭತ್ತದ ಬೀಜೋತ್ಪಾದನೆಯಲ್ಲಿ ಹೆಣ್ಣು ಸಾಲಿನ ತೆನೆ ಎಲೆಯ ಹೊದಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ಪೂರ್ತಿ ಹೊರಬಂದು ಪರಾಗ ಪಡೆಯಲೆಂದು ಅಲ್ಲಿ ನಿನ್ನನ್ನೇ ಸಿಂಪಡಿಸುತ್ತಾರೆ. ಅಲ್ಲಿ ಕಾರಣ ಗೊತ್ತು, ಹಂತ ಗೊತ್ತು, ಪ್ರಮಾಣ ಗೊತ್ತು. ರಾಗಿಗೋ ಜೋಳಕ್ಕೋ ‘ಎತ್ತರ ಬರುತ್ತೆ’ ಎಂದಷ್ಟೇ ಹೇಳಿ ಬಾಟಲಿ ಕೊಡುವವರಲ್ಲಿ ಈ ಮೂರೂ ಇಲ್ಲ. ಒರಗಿದ ಪೈರಿನ ನಷ್ಟ ಮಾತ್ರ ರೈತನದು.

ನಿನ್ನನ್ನು ದೂರವಿಟ್ಟದ್ದಕ್ಕೂ ಬೆಲೆ ತೆರುತ್ತಿದ್ದೇವೆ. ನಿನ್ನ ಕರೆ ಕೇಳಿಸದ ಗೋಧಿಯಲ್ಲಿ ಮೊಳಕೆಯನ್ನು ಕಾಯುವ ಕವಚವೂ ಮೋಟು. ಮೇಲ್ಮಣ್ಣು ಒಣಗಿ, ತೇವ ಹುಡುಕಿ ಆಳಕ್ಕೆ ಬಿತ್ತಿದರೆ ಸಸಿ ಮೇಲೆ ಬರಲು ತಿಣುಕುತ್ತದೆ. ಗಿಡ್ಡ ತಳಿಗಳಲ್ಲಿ ಹುಲ್ಲೂ ಕಡಿಮೆ, ದನಕ್ಕೆ ಹಾಕಲು ಸಾಲದು. ನಿನಗೆ ಓಗೊಡುತ್ತಲೇ ಗಿಡ್ಡವಾಗಿರುವ, ಆಳದಿಂದಲೂ ಎದ್ದುಬರುವ ಗೋಧಿಗಾಗಿ ಆಸ್ಟ್ರೇಲಿಯಾದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು ಆರ್‌ಎಚ್‌ಟಿ 18ರಂಥ ಬೇರೆ ವಂಶವಾಹಿಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ಧಾರವಾಡ, ವಿಜಯಪುರದ ಕಡೆ ಹಿಂಗಾರಿನಲ್ಲಿ ಎರೆಮಣ್ಣಿನ ಉಳಿದ ತೇವವನ್ನೇ ನಂಬಿ ಗೋಧಿ ಬಿತ್ತುವವರಿಗೆ ಬೇಕಾದದ್ದು ಅಂಥ ಬೀಜ. ಟಾನಿಕ್ಕಿಗೆ ಸುರಿಯುವ ದುಡ್ಡು ಆ ಸಂಶೋಧನೆಗೆ ಹೋಗಲಿ.

ಇಂತಿ,
ನಿನ್ನ ಹಿತೈಷಿ