ಹಿನ್ನೀರಲ್ಲೂ ಹೊಟ್ಟೆಕಿಚ್ಚು

ಕ್ರೈಸ್ತ ಲೇಖಕನ ಪ್ರೇಮಕತೆಯೆಂದರೆ ಮೇಣದಬತ್ತಿ, ಬಿಳಿ ಗೌನು, ಚರ್ಚಿನ ಗಂಟೆ ಇರಲೇಬೇಕು ಅನ್ನುವವರಿಗೆ ಸಾಗರದ ನಾ. ಡಿಸೋಜ (1937–2025) ಸರಿಯಾಗಿ ಕೈಕೊಟ್ಟರು. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಶರಾವತಿ ನದಿಯ ಅಣೆಕಟ್ಟಿನಿಂದಾದ ಮುಳುಗಡೆಯನ್ನು ಹತ್ತಿರದಿಂದ ಕಂಡವರು. ಕಡತದ ಜತೆ ಕಾದಂಬರಿಯೂ ಬೆಳೆಯಿತು.

ಅವರ ‘ದ್ವೀಪ’ ಕಾದಂಬರಿಯನ್ನೇ ನೋಡಿ. ಗಂಡ-ಹೆಂಡಿರ ನಡುವೆ ಮೂರನೆಯವನೊಬ್ಬ ಬರುತ್ತಾನೆ. ಹಿನ್ನೀರು ಏರುತ್ತಿದೆ, ಗಂಡನ ಸಂಶಯ ಅದಕ್ಕಿಂತ ಬೇಗ ಏರುತ್ತಿದೆ! ಗಿರೀಶ ಕಾಸರವಳ್ಳಿ ಅದನ್ನು 2002ರಲ್ಲಿ ಸಿನಿಮಾ ಮಾಡಿದರು. ನಟಿ ಸೌಂದರ್ಯ ಪಾತ್ರ ಮಾಡಿದ್ದಲ್ಲದೆ ಹಣವನ್ನೂ ಹಾಕಿದರು. ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು.

ಬಿಡುವಾದಾಗ? ಮಕ್ಕಳಿಗೆ ಕತೆ. 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಪಡೆದದ್ದು ‘ಮುಳುಗಡೆಯ ಊರಿಗೆ ಬಂದವರು’. ಅಲ್ಲೂ ನೀರೇ!

ಆಲಮಟ್ಟಿ ಅಣೆಕಟ್ಟು ಕಂಡ ತಾಳಿಕೋಟೆ ಕಡೆಯವರಿಗೆ ಮುಳುಗಡೆಯೇನೂ ಹೊಸದಲ್ಲ ಬಿಡ್ರಿ. ಆ ನಮೂನಿ ಸಂಶಯದ ಗಂಡನೂ ಗೊತ್ತಿರಬಹುದು, ಹೆಸರು ಹೇಳಲಿಕ್ಕಿಲ್ಲ ಅಷ್ಟೇ.