ಜೆಟ್‌ಪ್ಯಾಕ್ ಮೀಮಾಂಸೆ ಅಥವಾ ನಿಲ್ಲುವುದರ ಖರ್ಚು

ಮನುಷ್ಯನು ಬೆನ್ನಿಗೆ ಯಂತ್ರ ಬಿಗಿದುಕೊಂಡು ದಿನಾ ಕಚೇರಿಗೆ ಹಾರಿಹೋಗುವುದು ಸಾಧುವೋ ಅಸಾಧುವೋ ಎಂಬುದೇ ಇಲ್ಲಿನ ವಿಷಯ. ಇದನ್ನು ಓದಲು ಅಧಿಕಾರಿ ಯಾರು? ಶಾಸ್ತ್ರಗ್ರಂಥಗಳು ಮೊದಲು ಇದನ್ನೇ ಇತ್ಯರ್ಥ ಮಾಡುತ್ತವೆ. ಸಂಜೆ ಆರೂವರೆಗೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಒಮ್ಮೆಯಾದರೂ ತಲೆಯೆತ್ತಿ ಆಕಾಶ ನೋಡಿದವರೇ ಅಧಿಕಾರಿಗಳು. ಮೇಲೆ ಅಷ್ಟೊಂದು ಜಾಗ ಪಾಳುಬಿದ್ದಿದೆ, ಕೆಳಗೆ ಕಾಲೂರಲು ತಾವಿಲ್ಲ. ಪೂರ್ವಪಕ್ಷ ಹುಟ್ಟುವುದು ಇಲ್ಲಿಯೇ: ಹಾರಬಾರದೇಕೆ?

ಪುರಾಣಪ್ರಮಾಣ ಬೇಕೆನ್ನುವವರು ಕೂಡಲೇ ಪುಷ್ಪಕ ವಿಮಾನವನ್ನು ಎಳೆದು ತರುತ್ತಾರೆ. ಪ್ರಬಂಧಕಾರನಿಗೆ ಇದು ಸಮ್ಮತವಲ್ಲ. ಎಷ್ಟು ಜನ ಹತ್ತಿದರೂ ಅದರಲ್ಲಿ ಇನ್ನೊಬ್ಬರಿಗೆ ಜಾಗ ಉಳಿಯುತ್ತಿತ್ತು ಎಂದು ಪ್ರತೀತಿ. ಆದ್ದರಿಂದ ಅದು ಬಿಎಂಟಿಸಿಯ ಪೂರ್ವಜ, ಜೆಟ್‌ಪ್ಯಾಕಿನದಲ್ಲ. ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹೇಳಿ ಬರೆಸಿದ ವೈಮಾನಿಕ ಶಾಸ್ತ್ರವನ್ನೂ ಕೆಲವರು ಮುಂದಿಡುತ್ತಾರೆ. ಅದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಕೂಲಂಕಷವಾಗಿ ಪರಿಶೀಲಿಸಿ, ಅದರಲ್ಲಿ ವರ್ಣಿಸಿದ ಯಾವ ವಿಮಾನವೂ ಹಾರಲಾರದು ಎಂದು ತೀರ್ಪು ಕೊಟ್ಟರು. ಆನೇಕಲ್‌ನಿಂದ ಯಶವಂತಪುರದ ಪಕ್ಕದ ಆ ಸಂಸ್ಥೆಗೆ ಬರಲು ಆ ವಿಮಾನಗಳಿಗೆ ಹೆಚ್ಚುಕಡಿಮೆ ಅರ್ಧ ಶತಮಾನ ಹಿಡಿಯಿತು. ಹೊಸೂರು ರಸ್ತೆ ಬಲ್ಲವರು ಇದಕ್ಕೆ ಆಶ್ಚರ್ಯಪಡುವುದಿಲ್ಲ.

ಪುರಾಣ ಕೈಕೊಟ್ಟಿತು, ಇನ್ನು ಪ್ರತ್ಯಕ್ಷಪ್ರಮಾಣ. ಅಮೆರಿಕದ ಬೆಲ್ ಕಂಪನಿಯ ವೆಂಡೆಲ್ ಮೂರ್ ಎಂಬ ಎಂಜಿನಿಯರ್ ಅಲ್ಲಿನ ಸೈನ್ಯದ ದುಡ್ಡಿನಲ್ಲಿ ಒಂದು ರಾಕೆಟ್ ಬೆಲ್ಟ್ ಮಾಡಿದರು. 1961ರ ಏಪ್ರಿಲ್ 20ರಂದು ನಯಾಗರ ಫಾಲ್ಸ್ ವಿಮಾನ ನಿಲ್ದಾಣದಲ್ಲಿ ಹೆರಾಲ್ಡ್ ಗ್ರಹಾಂ ಅದನ್ನು ಕಟ್ಟಿಕೊಂಡು, ಹಗ್ಗದ ಆಸರೆಯಿಲ್ಲದೆ, 13 ಸೆಕೆಂಡುಗಳಲ್ಲಿ 34 ಮೀಟರ್ ಹಾರಿದರು. ಇಂಧನ ಹೈಡ್ರೋಜನ್ ಪೆರಾಕ್ಸೈಡ್. ಮೊಣಕಾಲು ತರಚಿದಾಗ ಮೆಡಿಕಲ್ ಸ್ಟೋರಿನಿಂದ ತಂದು ಸುರಿದರೆ ಬುಸಬುಸನೆ ನೊರೆ ಬರುತ್ತದಲ್ಲ, ಅದೇ ದ್ರವ. ಅಂಗಡಿಯದು ನೂರಕ್ಕೆ ಮೂರರಷ್ಟು, ಇದು ತೊಂಬತ್ತರಷ್ಟು. ಬೆಳ್ಳಿಯ ಜಾಲರಿ ತಾಕಿದೊಡನೆ ಒಡೆದು, ಸುಮಾರು 740 ಡಿಗ್ರಿಯ ಹಬೆಯಾಗಿ ಕೊಳವೆಯಿಂದ ನುಗ್ಗುತ್ತದೆ. ಇಡ್ಲಿ ಬೇಯಲು ನೂರು ಡಿಗ್ರಿ ಧಾರಾಳ ಸಾಕು ಎಂಬುದನ್ನು ನೆನಪಿಟ್ಟುಕೊಂಡರೆ ಉಡುಪಿನ ಅಧ್ಯಾಯವನ್ನು ಪ್ರತ್ಯೇಕವಾಗಿ ಬರೆಯಬೇಕಾಗಿಲ್ಲ. ಪಂಚೆಯವರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ, ಮೇಲೆತ್ತಿ ಕಟ್ಟಿದರೂ ಇಲ್ಲ.

ಮುಂದೆ ಇದೇ ಬಗೆಯ ಯಂತ್ರ ಜೇಮ್ಸ್ ಬಾಂಡ್ ಸಿನಿಮಾಕ್ಕೆ ಹೋಯಿತು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಉದ್ಘಾಟನೆಗೆ ಹೋಯಿತು. ಕಚೇರಿಗೆ ಮಾತ್ರ ಹೋಗಲಿಲ್ಲ. ಕಾರಣ ಟ್ಯಾಂಕು. ಪೂರಾ ತುಂಬಿಸಿದರೆ 21 ಸೆಕೆಂಡು ಮಾತ್ರ. ಸದ್ದು ಸುಮಾರು 130 ಡೆಸಿಬೆಲ್. ಹಾರುವವನಿಗೆ ಬೇರೇನೂ ಕೇಳುವಂತಿಲ್ಲ. ಹಾಗಾಗಿ ಹೊತ್ತು ಮುಗಿಯುತ್ತ ಬಂತೆಂದು ತಿಳಿಸಲು ಹೆಲ್ಮೆಟ್ಟಿನೊಳಗೆ ತಲೆಯನ್ನೇ ಅದುರಿಸುವ ಏರ್ಪಾಡಿತ್ತು. ನಮ್ಮಲ್ಲಿ ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್. ಬೆಳಿಗ್ಗೆ ಎಂಟಕ್ಕೆ ಅಪಾರ್ಟ್‌ಮೆಂಟಿನ ತಾರಸಿಯಿಂದ ನಾಲ್ವರು ಒಟ್ಟಿಗೆ ಹೊರಟರೆ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಏನಾಗುತ್ತದೆ ಎಂಬುದು ಸ್ವತಂತ್ರ ಸಂಶೋಧನೆಗೆ ಯೋಗ್ಯ.

ಈಗ ಸಿದ್ಧಾಂತ. ಜೆಟ್‌ಪ್ಯಾಕಿಗೆ ಹಾರಲು ಬರುವುದಿಲ್ಲ ಎಂಬ ಆರೋಪ ಸುಳ್ಳು. ಅದಕ್ಕೆ ಬಾರದಿರುವುದು ನಿಲ್ಲುವುದು.

ಉಪಪತ್ತಿ ಹೀಗಿದೆ. ನೆಲದ ಮೇಲೆ ನಿಂತವನಿಗೆ ನಿಲ್ಲುವ ಖರ್ಚಿಲ್ಲ. ಭೂಮಿ ಬಿಟ್ಟಿಯಾಗಿ ಹೊತ್ತಿರುತ್ತದೆ. ಗಾಳಿಯಲ್ಲಿ ನಿಂತವನು ತನ್ನ ಭಾರಕ್ಕೆ ಸಮನಾಗಿ ಏನನ್ನಾದರೂ ಕೆಳಕ್ಕೆ ದೂಡುತ್ತಲೇ ಇರಬೇಕು. ಮುಂದೆ ಹೋದರೂ ಖರ್ಚು, ಹೋಗದೆ ಸುಮ್ಮನಿದ್ದರೂ ಖರ್ಚು. ಬಹಳ ಗಾಳಿಯನ್ನು ನಿಧಾನವಾಗಿ ದೂಡಿದರೆ ಕಡಿಮೆಯಲ್ಲಿ ಆಗುತ್ತದೆ. ಸ್ವಲ್ಪವನ್ನೇ ರಭಸದಿಂದ ದೂಡಿದರೆ ಮನೆಹಾಳು. ಏಕೆಂದರೆ ವೇಗ ಇಮ್ಮಡಿಯಾದರೆ ಎತ್ತುವ ಬಲವೂ ಇಮ್ಮಡಿ, ತಗಲುವ ಶಕ್ತಿ ಮಾತ್ರ ನಾಲ್ಮಡಿ. ಹೆಲಿಕಾಪ್ಟರಿನ ರೆಕ್ಕೆ ಅಷ್ಟುದ್ದ ಇರುವುದು ಶೋಕಿಗಲ್ಲ. ನ್ಯೂಜಿಲೆಂಡಿನ ಗ್ಲೆನ್ ಮಾರ್ಟಿನ್ ಇದನ್ನು ಬಲ್ಲವರು. 2008ರಲ್ಲಿ ಜಗತ್ತಿಗೆ ತೋರಿಸಿದ ತಮ್ಮ ಜೆಟ್‌ಪ್ಯಾಕಿಗೆ ಜೆಟ್ಟನ್ನೇ ಇಡದೆ ಪೆಟ್ರೋಲ್ ಎಂಜಿನ್ನಿನ ಎರಡು ದಪ್ಪ ಫ್ಯಾನ್ ಇಟ್ಟರು. ಅರ್ಧ ಗಂಟೆಯ ಹಾರಾಟದ ಮಾತೂ ಬಂತು. ಆದರೆ ಆ ಗಾತ್ರದ ವಸ್ತುವನ್ನು ನಾವು ಬೆನ್ನಿಗೆ ಕಟ್ಟಿಕೊಳ್ಳುವಂತಿರಲಿಲ್ಲ, ನಮ್ಮನ್ನೇ ಅದಕ್ಕೆ ಕಟ್ಟಬೇಕಿತ್ತು. 2019ರಲ್ಲಿ ಕಂಪನಿ ಬಾಗಿಲು ಹಾಕಿತು.

ಇನ್ನು ಬೆಂಗಳೂರಿನ ಪ್ರಯಾಣದಲ್ಲಿ ಚಲನೆ ಎಷ್ಟು, ನಿಲುಗಡೆ ಎಷ್ಟು ಎಂದು ವಿಭಾಗಿಸಿ ನೋಡಬೇಕು. ನಾವು ಮೂಲತಃ ನಿಲ್ಲುವ ಜನ. ನಡುನಡುವೆ ಸ್ವಲ್ಪ ಚಲಿಸುತ್ತೇವೆ. ನಗರದ ವಾಹನಗಳು ಕೋಟಿ ದಾಟಿವೆ. ಅವುಗಳಲ್ಲಿ ಒಂದಂಶ ಮೇಲೇರಿದರೂ ಮೇಲೊಂದು ಸಿಗ್ನಲ್ ಬೇಕು. ಕೆಂಪು ದೀಪದ ಪಕ್ಕದಲ್ಲಿ 120 ಎಂದು ತೋರಿಸಿ ಅಂಕಿ ಇಳಿಯತೊಡಗಿತು ಎನ್ನಿ. 99ಕ್ಕೆ ಬರುವಷ್ಟರಲ್ಲಿ ಮೇಲಿನ ಸಾಲಿನವರೆಲ್ಲ ಕೆಳಗಿನ ಸಾಲಿನವರ ತಲೆಯ ಮೇಲಿರುತ್ತಾರೆ. ಪ್ಯಾರಾಚೂಟ್ ಇದೆಯಲ್ಲ ಎಂದರೆ, ಅದು ಬಿಚ್ಚಿಕೊಳ್ಳುವುದಕ್ಕೂ ಸಾಕಷ್ಟು ಎತ್ತರ ಬೇಕು. ಬಿದ್ದರೆ ಬದುಕುವಷ್ಟು ತಗ್ಗೂ ಅಲ್ಲದ, ಪ್ಯಾರಾಚೂಟ್ ಅರಳುವಷ್ಟು ಎತ್ತರವೂ ಅಲ್ಲದ ನಡುವಿನ ಪದರವೊಂದಿದೆ. ನಮ್ಮೂರಿನಲ್ಲಿ ಅದರ ಕೆಳ ಅಂಚನ್ನು ಕೇಬಲ್ಲಿನವರು ಈಗಾಗಲೇ ಆಕ್ರಮಿಸಿಕೊಂಡಿದ್ದಾರೆ.

ಇದು ಹಳೆಯ ಯಂತ್ರದ ಮಾತಾಯಿತು, ಹೊಸದು ಬಂದಿದೆ ಎಂದು ಪ್ರತಿವಾದಿ ಏಳುತ್ತಾನೆ. ನಿಜ. ಇಂಗ್ಲೆಂಡಿನ ರಿಚರ್ಡ್ ಬ್ರೌನಿಂಗ್ ಎರಡೂ ಕೈಗಳಿಗೆ, ಬೆನ್ನಿಗೆ ಪುಟ್ಟ ಜೆಟ್ ಎಂಜಿನ್ ತೊಟ್ಟು 2019ರಲ್ಲಿ ಗಂಟೆಗೆ 136 ಕಿಲೋಮೀಟರ್ ವೇಗ ಮುಟ್ಟಿದರು. ಹೊತ್ತು ಸೆಕೆಂಡುಗಳಿಂದ ಕೆಲವು ನಿಮಿಷಗಳಿಗೆ ಏರಿದೆ. ಆದರೆ ಇಲ್ಲಿ ದಿಕ್ಕು ತೋರಿಸುವುದೂ ಸಮತೋಲ ಕಾಯುವುದೂ ಕೈಗಳೇ. ಫೋನ್ ಎತ್ತುವಂತಿಲ್ಲ, ಮೂಗು ತುರಿಸುವಂತಿಲ್ಲ. ಪಕ್ಕಕ್ಕೆ ನುಗ್ಗಿದವನಿಗೆ ಕೈಮಾಡಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರೆ ಮುಗಿಯಿತು, ಪಲ್ಟಿ. ಕೈಯಿಲ್ಲದೆ ಬೈಯಲು ಬಾರದವರು ನಮ್ಮಲ್ಲಿ ಬಹುಸಂಖ್ಯಾತರು.

ನ್ಯಾಯವಾಗಿ ಒಂದು ಮಾತು ಒಪ್ಪಬೇಕು. 2020ರಲ್ಲಿ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳಲ್ಲಿ ಏರ್ ಆಂಬುಲೆನ್ಸಿನವರೊಂದಿಗೆ ಬ್ರೌನಿಂಗ್ ಪರೀಕ್ಷೆ ಮಾಡಿದಾಗ, ನಡೆದರೆ 25 ನಿಮಿಷದ ಏರನ್ನು 90 ಸೆಕೆಂಡಿನಲ್ಲಿ ಮುಟ್ಟಿದರು. ಕಾಲುಮುರಿದು ಬಿದ್ದವರಿಗೆ ಇದು ತಮಾಷೆಯಲ್ಲ. 2023ರಲ್ಲಿ ನಮ್ಮ ಸೇನೆಯೂ 48 ಜೆಟ್‌ಪ್ಯಾಕ್ ಬೇಕೆಂದು ಕೇಳಿತು. ಅದೇ ವರ್ಷ ಯಲಹಂಕದ ಏರೋ ಇಂಡಿಯಾದಲ್ಲಿ ಬೆಂಗಳೂರಿನದೇ ಒಂದು ಕಂಪನಿ ತನ್ನದನ್ನು ಪ್ರದರ್ಶಿಸಿತು. ಗಮನಿಸಬೇಕಾದ ಅಂಶವೆಂದರೆ ಬೆಟ್ಟದಲ್ಲಾಗಲಿ ಗಡಿಯಲ್ಲಾಗಲಿ ಯಾರೂ ಸಿಗ್ನಲ್ಲಿನಲ್ಲಿ ನಿಲ್ಲುವುದಿಲ್ಲ. ಸಿದ್ಧಾಂತಕ್ಕೆ ಬಾಧೆಯಿಲ್ಲ.

ಹೀಗೆ ಪೂರ್ವಪಕ್ಷವನ್ನು ಖಂಡಿಸಿ ಪ್ರಬಂಧ ಮಂಡಿಸಿದಾಗ ವಿದ್ವಾಂಸರು ಯಾರೂ ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರೊಬ್ಬರು ಎದ್ದರು.

‘ಎಲ್ಲಾ ಸರಿ ಸಾರ್. ಲೀಟರಿಗೆ ಎಷ್ಟು ಕೊಡುತ್ತೆ?’

ರಾಕೆಟ್ ಬೆಲ್ಟಿನ ಟ್ಯಾಂಕು 19 ಲೀಟರ್, ಹೋಗುವ ದೂರ ಹೆಚ್ಚೆಂದರೆ ಕಾಲು ಕಿಲೋಮೀಟರಿನ ಆಸುಪಾಸು. ಪ್ರಬಂಧಕಾರ ಹಲಗೆಯ ಮೇಲೆ ಭಾಗಾಕಾರ ಮಾಡಿ, 13 ಮೀಟರ್ ಎಂದು ಬರೆದು, ಕೆಳಗೆ ಗೆರೆ ಎಳೆದ. ಆ ಮನುಷ್ಯರು ಸ್ವಲ್ಪ ಯೋಚಿಸಿದರು.

‘ಹೊಸ ಗಾಡಿ ಅಲ್ವಾ,’ ಎಂದರು. ‘ಫಸ್ಟ್ ಸರ್ವಿಸ್ ಆಗ್ಲಿ ಬಿಡಿ, ಜಾಸ್ತಿ ಆಗುತ್ತೆ.’