ಸಿಂಹಸ್ಥದ ಹಲ್ಲು

ನಮ್ಮ ರಾಯರ ಬುದ್ಧಿಹಲ್ಲು ಮೊದಲು ನೋಯಲು ಶುರುವಾದದ್ದು 2015ರಲ್ಲಿ, ನಾಸಿಕದ ಕುಂಭಮೇಳವಾದ ಸಿಂಹಸ್ಥದ ಹೊತ್ತಿಗೆ. "ಈಗೆಲ್ಲಿ ಸ್ವಾಮಿ, ಸಿಂಹಸ್ಥ ನಡೀತಿದೆ. ಪಂಚವಟೀಲಿ ಕಾಲಿಡೋಕೆ ಜಾಗ ಇಲ್ಲ. ಮುಗೀಲಿ, ನೋಡೋಣ" ಅಂದರು. ಮೇಳ ಮುಗಿಯಿತು, ಸಾಧುಗಳು ಗಂಟುಮೂಟೆ ಕಟ್ಟಿದರು. ಹಲ್ಲು ಕದಲಲಿಲ್ಲ. ಆಮೇಲೆ ಮಗಳ ಪರೀಕ್ಷೆ, ಆಷಾಢ, ಪಿತೃಪಕ್ಷ. ಹಲ್ಲು ಕೀಳಿಸಲು ಪಿತೃಪಕ್ಷವೇ ಸರಿಯಾದ ಕಾಲವಲ್ಲವೇ ಎಂದು ಕೇಳಿ ಬೈಸಿಕೊಂಡೆ.

ರಾಯರು ಬೆಂಗಳೂರಿನಿಂದ ವರ್ಗವಾಗಿ ನಾಸಿಕದ ಪಕ್ಕದ ಓಝರ್‌ನ ಎಚ್‌ಎಎಲ್‌ಗೆ ಬಂದವರು, ತಪಾಸಣೆ ವಿಭಾಗ. ಸುಖೋಯ್ ವಿಮಾನದ ಬಿಡಿಭಾಗದಲ್ಲಿ ಎಳೆಯಷ್ಟು ಬಿರುಕು ಕಂಡರೂ ಆ ಕ್ಷಣವೇ ಪಕ್ಕಕ್ಕೆ ತೆಗೆಸುವವರು. ಅವರ ಸ್ವಂತ ಬಾಯಿಗೆ ಮಾತ್ರ ಈ ಕಾನೂನಿಲ್ಲ. ಅಲ್ಲಿ ನಡೆಯುವುದು ಲವಂಗದೆಣ್ಣೆ. ಅದರ ಯೂಜೆನಾಲ್ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆಯೇ ಹೊರತು ರೋಗ ತೆಗೆಯುವುದಿಲ್ಲ. ರಾಯರಿಗೆ ಆ ಸ್ವಲ್ಪ ಹೊತ್ತೇ ಸಾಕು, ಅಷ್ಟರಲ್ಲಿ ಮುಂದಿನ ನೆಪ ಸಿದ್ಧವಾಗಿರುತ್ತದೆ. ಪಕ್ಕದ ಮನೆಯ ಆಜಿ ಕೊಟ್ಟ ಮಿಶ್ರಿಯನ್ನು, ಅಂದರೆ ಸುಟ್ಟ ತಂಬಾಕಿನ ಪುಡಿಯನ್ನು, ಅವರ ಮನೆಯಾಕೆ ನೇರ ಮೋರಿಗೆ ಸುರಿದರು. ಪುಣ್ಯಾತ್ಮರು.

"ಲಕ್ಷ್ಮಣ ಶೂರ್ಪನಖಿಯ ಮೂಗು ಕೊಯ್ದ ಊರಿದು ರಾಯರೇ. ಅವಳಿಗೆ ಇಂಜೆಕ್ಷನ್ ಕೂಡ ಇರಲಿಲ್ಲ" ಎಂದೆ.

"ಅದಕ್ಕೇ ಅಲ್ವೇ ಅಷ್ಟು ದೊಡ್ಡ ಯುದ್ಧ ಆಗಿದ್ದು?"

ಮೊನ್ನೆ ಅರ್ಧ ಹೊರಬಂದ ಹಲ್ಲಿನ ಮೇಲಿನ ವಸಡಿನಡಿ ಮಿಸಳಿನ ಮೇಲುದುರಿಸಿದ ಫರ್ಸಾಣ್ ಖಾರ ಸಿಕ್ಕಿಕೊಂಡು ಕೀವಾಯಿತು. ಕೆನ್ನೆ ಊದಿತು, ದವಡೆ ಬಿಗಿಯಿತು. "2027ರ ಸಿಂಹಸ್ಥ..." ಎಂದು ಮಾತು ತೆಗೆದರು, ಮುಗಿಸುವಷ್ಟು ಬಾಯಿ ತೆರೆಯಲಿಲ್ಲ. ಮನೆಯಾಕೆ ರಿಕ್ಷಾ ಕರೆದರು.

ಎಕ್ಸ್‌ರೇಯಲ್ಲಿ ಹಲ್ಲು ಪಕ್ಕದ ದವಡೆಹಲ್ಲಿಗೆ ತಲೆಯೊತ್ತಿ ಅಡ್ಡ ಮಲಗಿತ್ತು. ಮೊದಲು ಸೋಂಕು ಇಳಿಯಲಿ, ಮಾತ್ರೆ ಮುಗಿಸಿ ಬನ್ನಿ ಎಂದರು ಡಾಕ್ಟರು. ಡಾಕ್ಟರೇ ಮುಂದೂಡಿದರಲ್ಲ ಎಂದು ರಾಯರು ದಾರಿಯುದ್ದಕ್ಕೂ ಹಿಗ್ಗಿದರು. ವಾರ ಕಳೆದು ಕೂರಿಸಿ, ಹಲ್ಲನ್ನು ತುಂಡರಿಸಿ ತೆಗೆದು ಹೊಲಿಗೆ ಹಾಕಿದರು. ಉಗುಳಬಾರದು, ಸ್ಟ್ರಾದಲ್ಲಿ ಹೀರಬಾರದು; ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತು ಬಂದರೆ ಮೂಳೆ ಬಯಲಾಗಿ ಹಳೆಯ ನೋವೇ ವಾಸಿ ಎನಿಸುತ್ತದಂತೆ.

ಈಗ ಆ ತುಂಡುಗಳು ಡಬ್ಬಿಯಲ್ಲಿವೆ. ಬಂದವರಿಗೆಲ್ಲ ವರ್ನಿಯರ್ ಹಿಡಿದು ಅಳೆದು ತೋರಿಸುತ್ತಾರೆ. "ಮಾಲು ಒಳ್ಳೇದೇ ಕಣ್ರೀ, ಫಿಟಿಂಗ್ ತಪ್ಪಿತ್ತು ಅಷ್ಟೆ. ನಮ್ಮ ಶಾಪ್‌ನಲ್ಲಾಗಿದ್ರೆ ಮೊದಲನೇ ದಿನವೇ ರಿಜೆಕ್ಟ್ ಮಾಡ್ತಿದ್ದೆ."